ಕೂಸಿನ ಕಲಿಕೆಗೆ ಯಾವ ತಕ್ಕಡಿ?



'ಮನೆಯೇ ಪಾಠಶಾಲೆ' ಅಂಕಣಕ್ಕೆ ಈ ತಿಂಗಳು ನಾನು ಬೇರೆಯದೇ ವಿಷಯ ಇಟ್ಟುಕೊಂಡಿದ್ದೆ. ಪರ್ವದ ದಿನಗಳಲ್ಲಿ ಚಿಕ್ಕ ಮಕ್ಕಳಿಂದ ಉಪವಾಸ ಮಾಡಿಸುವುದು ಎಷ್ಟು, ಹೇಗೆ ಎಂಬುದನ್ನು ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ನಾರಾಯಣಪೇಟೆಯ ಒಬ್ಬ ಶ್ರಾವಿಕೆ, ಬಂಗಾರ-ಬೆಳ್ಳಿ ಅಂಗಡಿಯ ಮನೆತನದ ಸೊಸೆ, ನಮ್ಮ ಭಾನುವಾರದ ಪಾಠಶಾಲೆ ಮುಗಿದ ಮೇಲೆ ಹಿಂದೆ ಉಳಿದು ಕೈಯಲ್ಲಿದ್ದ ಒಂದು ದಪ್ಪ ಕಡತವನ್ನು ನನ್ನ ಮುಂದೆ ಇಟ್ಟರು. ನುಣುಪಾದ ಕಾಗದ, ಬಣ್ಣಬಣ್ಣದ ಚಕ್ರಗಳು, ಮೆದುಳಿನ ಚಿತ್ರ. ಮೊದಲ ಪುಟದಲ್ಲಿ ಅವರ ಮಗನ ಹತ್ತೂ ಬೆರಳುಗಳ ಗುರುತು.

"ಅಕ್ಕೋರೆ, ಊರಿಗೆ ಮಷಿನ್ ತಂದಿದ್ರು. ಬೆರಳು ಒತ್ತಿಸಿಕೊಂಡು ಇದನ್ನ ಕೊಟ್ಟಾರ. ಇವ ಕೇಳಿ ಕಲಿಯಾಂವಲ್ಲಂತ, ಓದಿ ಕಲಿಯಾಂವಲ್ಲಂತ. ಕೈಲೆ ಮಾಡಿ ಕಲಿಯಾಂವಂತ. ಹಂಗಾದ್ರ ಸಾಲಿಗೆ ಯಾಕ ರೊಕ್ಕ ಹಾಕಬೇಕು, ಈಗಿಂದನೇ ಗಾದಿ ಮ್ಯಾಲೆ ಕೂಡಿಸೋಣ ಅಂತ ನಮ್ಮ ಮನಿಯವರು ಅಂತಾರ್ರಿ."

ಹುಡುಗ ಒಂಬತ್ತನೆಯ ತರಗತಿ. ಗಣಿತದಲ್ಲಿ ಎರಡು ಸಲ ಕೆಳಗೆ ಬಿದ್ದಿದ್ದಾನೆ. ಕಡತಕ್ಕೆ ಕೊಟ್ಟ ಹಣ ಕೆಲವು ಸಾವಿರ. ಹಣ ಹೋದದ್ದು ಹೋಯಿತೆನ್ನೋಣ, ನಮ್ಮ ಜನಕ್ಕೆ ವ್ಯಾಪಾರದಲ್ಲಿ ಅಷ್ಟು ಲುಕ್ಸಾನು ಹೊಸದಲ್ಲ. ಆದರೆ ಆ ಕಡತದ ಬಲದ ಮೇಲೆ ಹದಿನಾಲ್ಕು ವರ್ಷದ ಹುಡುಗನ ಓದು ನಿಲ್ಲುವುದರಲ್ಲಿತ್ತು. ಆದ್ದರಿಂದ ಉಪವಾಸದ ವಿಷಯ ಮುಂದಿನ ತಿಂಗಳಿಗಿರಲಿ.

ಮೊದಲು ಬೆರಳಚ್ಚಿನ ಮಾತು ಮುಗಿಸಿಬಿಡೋಣ. ಬೆರಳ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡುವಂಥವು. ಅವುಗಳಿಂದ ಮನುಷ್ಯ ಯಾರು ಎಂದು ಗುರುತಿಸಬಹುದು. ಅವನ ಬುದ್ಧಿ ಯಾವ ಕಡೆ ಹರಿಯುತ್ತದೆ, ಅವನು ಹೇಗೆ ಕಲಿಯುತ್ತಾನೆ ಎಂದು ಹೇಳಲು ಬರುವುದಿಲ್ಲ. ಈ ಪರೀಕ್ಷೆಯನ್ನು ಡಿ.ಎಂ.ಐ.ಟಿ. ಎಂಬ ಹೆಸರಿನಿಂದ ಊರೂರಿಗೆ ತಂದು ಮಾರುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ 2019ರಲ್ಲಿ ಹೇಳಿಕೆ ಕೊಟ್ಟಿದೆ. ಬಂಗಾರವನ್ನು ಒರೆಗಲ್ಲಿಗೆ ತಿಕ್ಕದೆ ಒಂದು ಗುಂಜಿಯನ್ನೂ ಕೊಳ್ಳದ ನಮ್ಮ ವರ್ತಕರು, ಮಗನ ಬುದ್ಧಿಯ ಬೆಲೆಯನ್ನು ಹೊರಗಿನವನೊಬ್ಬ ಮಷಿನ್ ಇಟ್ಟು ಹೇಳಿದರೆ ಒಪ್ಪಿಕೊಳ್ಳುತ್ತಾರಲ್ಲ, ಅದು ನನಗೆ ಆಶ್ಚರ್ಯ.

ಆದರೆ ಆ ಕಡತದಲ್ಲಿದ್ದ ಇನ್ನೊಂದು ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದನ್ನು ಒಳ್ಳೆಯ ಶಿಕ್ಷಕರೂ ನಂಬಿದ್ದಾರೆ, ಬಹಳ ಕಾಲ ನಾನೂ ನಂಬಿದ್ದೆ. ಕೆಲವು ಮಕ್ಕಳು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ, ಕೆಲವರು ಕೈಯಿಂದ. ಯಾರು ಯಾವ ಜಾತಿ ಎಂದು ತಿಳಿದು ಅದರಂತೆ ಪಾಠ ಮಾಡಬೇಕು ಎಂಬ ಮಾತು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಎಂಬವರು ಇದಕ್ಕೊಂದು ಪ್ರಶ್ನಾವಳಿಯನ್ನೇ ಮಾಡಿದರು. ಅದು ಜಗತ್ತಿನ ಶಾಲೆಗಳಲ್ಲೆಲ್ಲ ಓಡಾಡಿತು. ಕೇಳಲು ಬಹಳ ಹಿತವಾದ ಮಾತು. ಮಗು ದಡ್ಡನಲ್ಲ, ಅದರ ದಾರಿ ಬೇರೆ ಎಂದಂತಾಯಿತಲ್ಲವೆ?

2008ರಲ್ಲಿ ಅಮೆರಿಕದ ಹೆರಾಲ್ಡ್ ಪಾಶ್ಲರ್ ಮತ್ತು ಮೂವರು ಸಂಗಡಿಗ ಮನಶ್ಶಾಸ್ತ್ರಜ್ಞರು ಈ ಮಾತನ್ನು ಒರೆಗೆ ಹಚ್ಚಿದರು. ಅವರ ಒರೆಗಲ್ಲು ಸರಳ. ಕಣ್ಣಿನವರು, ಕಿವಿಯವರು ಎಂದು ಮಕ್ಕಳನ್ನು ವಿಂಗಡಿಸಿ, ಎರಡೂ ಗುಂಪಿನಲ್ಲಿ ಅರ್ಧ ಮಕ್ಕಳಿಗೆ ಚಿತ್ರದಿಂದ, ಅರ್ಧ ಮಕ್ಕಳಿಗೆ ಮಾತಿನಿಂದ ಪಾಠ ಮಾಡಿ, ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಕಣ್ಣಿನವರು ಚಿತ್ರದಿಂದಲೂ ಕಿವಿಯವರು ಮಾತಿನಿಂದಲೂ ಹೆಚ್ಚು ಕಲಿತರೆ ಮಾತು ನಿಜ. ಹೀಗೆ ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬಹಳ ಕಡಿಮೆ. ಇದ್ದವುಗಳಲ್ಲೂ ಹಲವು ಈ ಮಾತಿಗೆ ವಿರುದ್ಧವಾಗಿಯೇ ಬಂದಿದ್ದವು. ಶಾಲೆಗಳು ಇದರ ಮೇಲೆ ಹಣ ಸುರಿಯಲು ಸಾಕಾಗುವಷ್ಟು ಆಧಾರವಿಲ್ಲವೆಂದು ಅವರು ಬರೆದರು. ಮಕ್ಕಳಿಗೆ ಇಷ್ಟ-ಅನಿಷ್ಟಗಳು ಇರುವುದು ನಿಜ. ಆದರೆ ಇಷ್ಟವಾದ ರೀತಿಯಲ್ಲಿ ಹೇಳಿದ ಮಾತ್ರಕ್ಕೆ ಹೆಚ್ಚು ಕಲಿಯುತ್ತಾರೆಂದು ಅಲ್ಲ.

ಯೋಚಿಸಿ ನೋಡಿದರೆ, ಹೇಗೆ ಕಲಿಸಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಲಿಯುವ ವಿಷಯವೇ. ಕೃಷ್ಣಾ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂಬುದನ್ನು ನಕ್ಷೆಯಲ್ಲಿ ನೋಡಬೇಕು, ಕಿವಿಯವನಾದರೂ ಅಷ್ಟೆ. ಣಮೋಕಾರ ಮಂತ್ರದ ಉಚ್ಚಾರವನ್ನು ಕೇಳಿಯೇ ಕಲಿಯಬೇಕು, ಕಣ್ಣಿನವನಾದರೂ ಅಷ್ಟೆ. ತಕ್ಕಡಿ ಹಿಡಿಯುವುದನ್ನು ಹಿಡಿದೇ ಕಲಿಯಬೇಕು. ಗದ್ವಾಲದ ಸೀರೆಯನ್ನೇ ನೋಡಿ: ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಈ ಎರಡನ್ನೂ ಕೂಡಿಸುವ ವಿದ್ಯೆಯನ್ನು ಮಗನಿಗೆ ಕಲಿಸುವ ನೇಕಾರ, 'ನೀನು ಕಣ್ಣಿನವನೋ ಕಿವಿಯವನೋ' ಎಂದು ಕೇಳುತ್ತಾನೆಯೆ? ಮಗ್ಗದ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ, ತೋರಿಸುತ್ತಾನೆ, ಹೇಳುತ್ತಾನೆ, ಎಳೆ ಕೈಗೆ ಕೊಡುತ್ತಾನೆ, ತಪ್ಪಿದರೆ ಬಿಚ್ಚಿಸುತ್ತಾನೆ.

ನಮ್ಮ ಶಾಸ್ತ್ರ ಏನೆನ್ನುತ್ತದೆ ಎಂದು ಕೆಲವರಾದರೂ ಕೇಳುವಿರಿ. ಕೇಳುಗರಲ್ಲಿ ಭೇದವಿದೆಯೆಂದು ನಮ್ಮ ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಹದಿನಾಲ್ಕು ಬಗೆಯ ಶ್ರೋತೃಗಳ ಹೋಲಿಕೆಗಳಿವೆ. ಶ್ವೇತಾಂಬರ ಪರಂಪರೆಯ ನಂದೀಸೂತ್ರದಲ್ಲೂ ಇಂಥದೇ ಪಟ್ಟಿಯಿದೆ. ಹಿಟ್ಟನ್ನು ಬಿಟ್ಟು ಹೊಟ್ಟನ್ನು ಉಳಿಸಿಕೊಳ್ಳುವ ಜರಡಿಯಂಥವರು, ಅರ್ಥ ತಿಳಿಯದೆ ಒಪ್ಪಿಸುವ ಗಿಳಿಯಂಥವರು, ಹುಲ್ಲು ತಿಂದು ಹಾಲು ಕೊಡುವ ಹಸುವಿನಂಥವರು, ಹಾಲು-ನೀರು ಬೇರ್ಪಡಿಸುವ ಹಂಸದಂಥವರು, ನೀರು ಕಲಕುವ ಎಮ್ಮೆಯಂಥವರು. ಆದರೆ ಗಮನಿಸಿರಿ, ಇವೆಲ್ಲ ಕೇಳುವ ರೀತಿಗೆ ಕೊಟ್ಟ ಹೆಸರುಗಳು. ಇಂದು ಜರಡಿಯಾದವನು ನಾಳೆ ಹಸುವಾಗಬಾರದೆಂದು ಎಲ್ಲಿಯೂ ಹೇಳಿಲ್ಲ. ಆಗಬಾರದೆಂದಿದ್ದರೆ ಉಪದೇಶವಾದರೂ ಏಕೆ?

ತುಷ-ಮಾಷ ಮುನಿಯ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಈ ಶಿವಭೂತಿ ಮುನಿಯನ್ನು ನೆನೆದಿದ್ದಾರೆ. ಎಷ್ಟು ಹೇಳಿಕೊಟ್ಟರೂ ಅವರಿಗೆ ಒಂದು ಸಾಲೂ ಬಾಯಿಗೆ ನಿಲ್ಲುತ್ತಿರಲಿಲ್ಲ. ಹೊಟ್ಟಿನಿಂದ ಉದ್ದು ಬೇರೆಯಾದಂತೆ ದೇಹದಿಂದ ಆತ್ಮ ಬೇರೆ ಎಂಬಷ್ಟನ್ನೇ ಗುರುಗಳು ಹೇಳಿಕೊಟ್ಟರು. ಅದೂ ಮರೆತುಹೋಯಿತು. ಒಂದು ದಿನ ಹೆಂಗಸೊಬ್ಬಳು ಉದ್ದಿನಬೇಳೆಯಿಂದ ಸಿಪ್ಪೆ ಬೇರ್ಪಡಿಸುವುದನ್ನು ಕಂಡಾಗ ಮಾತೂ ಅರ್ಥವೂ ಒಟ್ಟಿಗೆ ಹೊಳೆದವು. ಅದನ್ನೇ ಜಪಿಸುತ್ತ ಕೇವಲಜ್ಞಾನಿಯಾದರು. ಶ್ವೇತಾಂಬರರಲ್ಲಿ ಇದೇ ಕಥೆ ಸ್ವಲ್ಪ ಬೇರೆ: ರೋಷ ಬೇಡ, ತೋಷ ಬೇಡ ಎಂಬ ಪ್ರಾಕೃತದ ಮಾತನ್ನು ನೆನಪಿಡಲಾರದೆ ಮುನಿ 'ಮಾಸತುಸ' ಎಂದು ಗುಣುಗುಣಿಸುತ್ತಿದ್ದರು, ಅದೇ ಅವರ ಹೆಸರಾಯಿತು.

ಆ ಮಷಿನ್ ತಂದವರು ಈ ಕಥೆ ಕೇಳಿದರೆ, 'ನೋಡಿ, ಮುನಿಗಳು ಕಣ್ಣಿನಿಂದ ಕಲಿಯುವವರು' ಎಂದು ಬಿಡುತ್ತಾರೇನೋ. ನನಗೆ ಹಾಗೆ ತೋರುವುದಿಲ್ಲ. ಹಿಂದೆ ಎಷ್ಟೋ ಸಲ ಆ ಮಾತನ್ನು ಕೇಳಿ ಮರೆತು ಮತ್ತೆ ಕೇಳಿದ್ದರಿಂದಲೇ ಬೇಳೆಯ ಮೊರ ಕಂಡಾಗ ಅದು ಕೂಡಿಕೊಂಡಿತು. ಬೇಳೆ ಹಸನು ಮಾಡುವುದನ್ನು ನಾವು ದಿನಾ ನೋಡುತ್ತೇವೆ, ನಮಗೇನು ಹೊಳೆಯಿತು? ಗುರುಗಳು ಪಾಠವನ್ನು ಸಣ್ಣದು ಮಾಡಿದರು, ಬಿಡಲಿಲ್ಲ. ಶಿಷ್ಯನನ್ನು ಅಯೋಗ್ಯನೆಂದು ಮನೆಗೆ ಕಳಿಸಲಿಲ್ಲ. ಆ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದು.

ಸ್ವಾಧ್ಯಾಯಕ್ಕೆ ತತ್ತ್ವಾರ್ಥಸೂತ್ರದಲ್ಲಿ ಐದು ಅಂಗ ಹೇಳಿದೆ: ಓದುವುದು, ಕೇಳಿ ಸಂಶಯ ಪರಿಹರಿಸಿಕೊಳ್ಳುವುದು, ಮನಸ್ಸಿನಲ್ಲಿ ಮೆಲುಕು ಹಾಕುವುದು, ಬಾಯಿಪಾಠ ಮಾಡುವುದು, ಬೇರೆಯವರಿಗೆ ಹೇಳುವುದು. ಒಬ್ಬನಿಗೆ ವಾಚನೆ, ಇನ್ನೊಬ್ಬನಿಗೆ ಪೃಚ್ಛನೆ ಎಂದು ಹಂಚಿಕೊಟ್ಟಿಲ್ಲ. ಐದೂ ಎಲ್ಲರಿಗೂ.

ಈಗ ಹುಡುಗನ ವಿಷಯಕ್ಕೆ ಬರೋಣ. ತಾಯಿಯ ಎದುರಿಗೇ ಅವನನ್ನು ಕೇಳಿದೆ: "22 ಕ್ಯಾರೆಟ್ಟಿಂದು 30 ಗ್ರಾಂ, 18 ಕ್ಯಾರೆಟ್ಟಿಂದು 10 ಗ್ರಾಂ ಕೂಡಿಸಿ ಕರಗಿಸಿದ್ರ ಎಷ್ಟು ಕ್ಯಾರೆಟ್ ಆಗ್ತದಪ್ಪ?" ಹುಡುಗ ಒಂದು ಗಳಿಗೆ ಛತ್ತು ನೋಡಿದ. "ಇಪ್ಪತ್ತೊಂದು, ಅಕ್ಕೋರೆ." ಹೇಗೆ ಎಂದರೆ, "ನಾಕರ ಫರಕು. ಕೆಳಗಿಂದು ಪಾವು ಪಾಲು ಅದ. ಹಂಗಾಗಿ ಒಂದು ಇಳೀತು." ಎಷ್ಟು ಚೆಂದದ ಲೆಕ್ಕ! ಅದನ್ನೇ ಅವನ ಪುಸ್ತಕದ ಭಾಷೆಯಲ್ಲಿ, ಇಂಗ್ಲಿಷಿನಲ್ಲಿ, ಕಾಗದದ ಮೇಲೆ ಬರೆದು ಕೊಟ್ಟೆ. ಪೆನ್ನು ಹಿಡಿದು ಕುಳಿತ, ಬೆವರಿದ. 'ರೇಶಿಯೋ' ಎಂದರೆ ಏನೆಂದು ಕೇಳಿದರೆ ಗೊತ್ತಿಲ್ಲ. ಪಾಲು ಎಂದೊಡನೆ ತಲೆಯೆತ್ತಿದ.

ಅವನ ತಂಗಿ ಏಳನೆಯ ತರಗತಿ, ವರ್ಗಕ್ಕೆ ಮೊದಲು. ಅವಳನ್ನು ಕೇಳಿದೆ: ಸಾವಿರದ ಮುನ್ನೂರ ಎಪ್ಪತ್ತರ ಸೀರೆಗೆ ಗಿರಾಕಿ ನಾಲ್ಕು ಐನೂರರ ನೋಟು ಕೊಟ್ಟರೆ ಮರಳಿ ಎಷ್ಟು? ಮಗು ಪೆನ್ಸಿಲ್ ಹುಡುಕತೊಡಗಿತು. ಅಣ್ಣ ಪಕ್ಕದಿಂದ "ಆರನೂರ ಮೂವತ್ತು" ಎಂದು ನಕ್ಕ.

ಇದು ನಮ್ಮ ಊರಿನ ಎರಡು ಮಕ್ಕಳ ಕಥೆ ಮಾತ್ರವಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಲೆಕ್ಕವನ್ನು ಪರೀಕ್ಷಿಸಿದ ವರದಿಯೊಂದು 1985ರಲ್ಲಿ ಬಂತು. ಗಿರಾಕಿಯಾಗಿ ಕೇಳಿದಾಗ ನೂರಕ್ಕೆ 98 ಸರಿ. ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37. ನಮ್ಮ ದೇಶದಲ್ಲಿಯೂ, ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಸಂತೆಯಲ್ಲಿ ಬಾಯಿಲೆಕ್ಕ ಹಾಕುವ ಮಕ್ಕಳಿಗೆ ಶಾಲೆಯ ಲೆಕ್ಕ ಬರುವುದಿಲ್ಲ. ಶಾಲೆಯ ಲೆಕ್ಕ ಬರುವ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಸೇತುವೆ ತಾನಾಗಿ ಆಗುವುದಿಲ್ಲ, ಯಾರಾದರೂ ಕಟ್ಟಿಕೊಡಬೇಕು.

ಆ ಸೇತುವೆಯನ್ನು ಜೈನರು ಕಟ್ಟಿದ್ದರು, ಅದೂ ಇಲ್ಲೇ ಹತ್ತಿರದಲ್ಲಿ. ಇಂದಿನ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದರು. ಬಡ್ಡಿ, ಪಾಲುದಾರಿಕೆ, ಹಣ್ಣಿನ ಬೆಲೆ, ಬೇರೆ ಬೇರೆ ವರ್ಣದ ಬಂಗಾರ ಕೂಡಿಸಿದಾಗ ಬರುವ ವರ್ಣ — ಎಲ್ಲವೂ ಅದರಲ್ಲಿದೆ. ಅಂದರೆ ಈ ಹುಡುಗ ಛತ್ತು ನೋಡಿ ಹೇಳಿದ ಜಾತಿಯ ಲೆಕ್ಕಕ್ಕೆ ಸೂತ್ರ ಕೊಟ್ಟು ಬರೆಯುವ ಕ್ರಮವನ್ನು ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಹಾಕಿಕೊಟ್ಟಿದ್ದಾರೆ. ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಈ ಗ್ರಂಥ 2000ರಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಕನ್ನಡದಲ್ಲೇ ಬೇಕೆಂದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವಿದೆ; ಅವನೂ ಜೈನನೇ. ಮದುವೆ-ಮುಂಜಿಗಳಲ್ಲಿ ಸ್ಟೀಲು ಡಬ್ಬಿ ಹಂಚುವ ಬದಲು ಇಂಥ ಪುಸ್ತಕ ಹಂಚಬಾರದೇಕೆ ಎಂದು ನನಗೆ ಆಗಾಗ ಅನಿಸುವುದುಂಟು.

ತಂಗಿಯ ಮಾತು ಬಂದದ್ದರಿಂದ ಒಂದು ಹೇಳಿಬಿಡುತ್ತೇನೆ. ಭಗವಾನ್ ವೃಷಭದೇವರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದರೆಂದು ನಾವೆಲ್ಲ ಹೇಳುತ್ತೇವೆ. ಲೆಕ್ಕ ಮೊದಲು ಬಂದದ್ದು ಮಗಳ ಕೈಗೆ. ಆದರೆ ನಮ್ಮ ಅಂಗಡಿಗಳಲ್ಲಿ ಗಂಡುಮಗು ಹತ್ತು ವರ್ಷಕ್ಕೇ ಗಲ್ಲಾಪೆಟ್ಟಿಗೆ ಮುಟ್ಟುತ್ತದೆ, ಹೆಣ್ಣುಮಗು ಚಹಾ ತಂದಿಟ್ಟು ಒಳಗೆ ಹೋಗುತ್ತದೆ. ಮರಳಿ ಚಿಲ್ಲರೆ ಹೇಳಲು ಅವಳಿಗೆ ಪೆನ್ಸಿಲ್ ಬೇಕಾದದ್ದು ಅವಳ ಬೆರಳ ಗೆರೆಯಿಂದಲ್ಲ.

ಹಾಗಾದರೆ ಮಕ್ಕಳಲ್ಲಿ ಭೇದವೇ ಇಲ್ಲವೆ? ಇದೆ, ಬಹಳ ಇದೆ. ಮಗುವಿಗೆ ಈಗಾಗಲೇ ಏನು ಬರುತ್ತದೆ, ಯಾವ ಭಾಷೆಯಲ್ಲಿ ಬರುತ್ತದೆ, ಎಷ್ಟು ನಿಧಾನವಾಗಿ ಹೋಗಬೇಕು — ನೋಡಬೇಕಾದ ಭೇದ ಇಲ್ಲಿದೆ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ಇದನ್ನೇ ಹಿಡಿಯಿತು. ಆಂಧ್ರದ ರಿಷಿ ವ್ಯಾಲಿಯಲ್ಲಿ ನೋಡಿ ಬಂದ ಶಿಕ್ಷಕರು ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಒಡೆದು ಕಾರ್ಡು ಮಾಡಿದರು. ಪ್ರತಿ ಮಗು ತಾನಿರುವ ಮೆಟ್ಟಿಲಿನಿಂದ ಹತ್ತುತ್ತದೆ. ಪ್ರಥಮ್ ಸಂಸ್ಥೆಯವರು ಮಕ್ಕಳನ್ನು ತರಗತಿಯ ಬದಲು ಓದುವ ಮಟ್ಟದಿಂದ ಗುಂಪು ಮಾಡಿ ಕಲಿಸುತ್ತಾರೆ. ತೆಲಂಗಾಣದಲ್ಲಿ 2022ರಲ್ಲಿ ಒಂದರಿಂದ ಐದನೆಯ ತರಗತಿಗೆ ಬಂದ 'ತೊಲಿಮೆಟ್ಟು' ಕಾರ್ಯಕ್ರಮದ ಹೆಸರೇ ಮೊದಲ ಮೆಟ್ಟಿಲು.

ನಮ್ಮ ಕಡೆ ಭಾಷೆಯ ಭೇದ ಎಲ್ಲಕ್ಕಿಂತ ದೊಡ್ಡದು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮ್ಮ ಮನೆಗಳಲ್ಲಿ ಅಜ್ಜಿಯದು ಕನ್ನಡ, ಕೆಲವು ಮನೆಗಳಲ್ಲಿ ಮಾರವಾಡಿ, ಗಿರಾಕಿಯದು ತೆಲುಗು, ಶಾಲೆಯದು ಇಂಗ್ಲಿಷು, ಪ್ರವಚನದ್ದು ಹಿಂದಿ. 2018ರ ಕಾಯಿದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ಈ ನೆಲದ ಭಾಷೆ, ಕಲಿಯಲೇಬೇಕು. ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಆದರೆ ನಮ್ಮ ಅಂಗಡಿಕಾರರ ಮಕ್ಕಳು ಹೆಚ್ಚಾಗಿ ಇಂಗ್ಲಿಷಿಗೇ ಹೋಗುತ್ತಾರೆ. ಹೋಗಲಿ. ಆದರೆ ಗಣಿತದಲ್ಲಿ ಬಿದ್ದ ಮಗು ನಿಜವಾಗಿ ಗಣಿತದಲ್ಲಿ ಬಿತ್ತೋ ಇಂಗ್ಲಿಷಿನಲ್ಲಿ ಬಿತ್ತೋ ಎಂದು ಮನೆಯವರು ನೋಡಬೇಕು. ಮನೆಮಾತಿನಲ್ಲಿ ಅದೇ ಲೆಕ್ಕ ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಸಮವಸರಣದಲ್ಲಿ ದಿವ್ಯಧ್ವನಿ ಪ್ರತಿಯೊಂದು ಜೀವಿಗೂ ಅದರದೇ ಭಾಷೆಯಲ್ಲಿ ತಿಳಿಯುತ್ತಿತ್ತು ಎನ್ನುತ್ತೇವಲ್ಲ.

ಇನ್ನು ಕಣ್ಣು, ಕಿವಿ. ಕಣ್ಣಿನವನು ಕಿವಿಯವನು ಎಂದು ಹೆಸರಿಡುವ ಮೊದಲು ಕಣ್ಣು ಸರಿಯಾಗಿ ಕಾಣುತ್ತದೆಯೋ, ಕಿವಿ ಕೇಳುತ್ತದೆಯೋ ಡಾಕ್ಟರರಿಗೆ ತೋರಿಸಿ. ಮಾತಿನಲ್ಲಿ ಚುರುಕಾದ ಮಗು ವರ್ಷಗಟ್ಟಲೆ ಪ್ರಯತ್ನಿಸಿದರೂ ಅಕ್ಷರ ಹಿಂದುಮುಂದಾಗಿ, ಓದು ಒಡೆದೊಡೆದು ಬರುತ್ತಿದ್ದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಅದನ್ನು ಕಂಡುಹಿಡಿಯಲು ತರಬೇತಾದವರು ಗಂಟೆಗಟ್ಟಲೆ ಮಗುವಿನ ಜೊತೆ ಕೂರುತ್ತಾರೆ. ಬೆರಳು ಒತ್ತಿಸಿಕೊಂಡು ಹೋಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎರಡನೆಯ-ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಆ ಕಾಯಿದೆ ಹೆಸರಿಸಿಯೇ ಹೇಳಿದೆ. ನಾಲ್ಕು ಭಾಷೆಯ ನಮ್ಮ ಗಡಿಯಲ್ಲಿ ಇದು ಸಣ್ಣ ಸೌಲಭ್ಯವಲ್ಲ. ಹೆಸರು ಕೆಡುತ್ತದೆ, ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂದು ಮುಚ್ಚಿಟ್ಟು, ಮಗುವನ್ನು ಹೊಡೆದು ಓದಿಸುವ ಮನೆಗಳನ್ನು ನಾನು ನೋಡಿದ್ದೇನೆ. ಹೊಡೆದವರು ಸಂಜೆ ಪ್ರತಿಕ್ರಮಣಕ್ಕೆ ಕೂರುವುದನ್ನೂ ನೋಡಿದ್ದೇನೆ.

ಈ ಹುಡುಗನಿಗೆ ಅಂಥ ತೊಂದರೆ ಕಾಣಲಿಲ್ಲ. ಅವನ ತಂದೆಯವರ ಹತ್ತಿರ ನಾನೇ ಅಂಗಡಿಗೆ ಹೋಗಿ ಮಾತಾಡಿದೆ. "ಅಣ್ಣಾವ್ರೆ, ಮಗನ್ನ ಅಂಗಡಿಗೆ ಕರಕೊಳ್ಳಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಸಂಜಿ ಮುಂದ ಒಂದು ತಾಸು ಕೂಡಸ್ರಿ. ಅಲ್ಲಿ ಬಾಯಿಲೆ ಮಾಡಿದ ಐದು ಲೆಕ್ಕ ರಾತ್ರಿ ವಹಿಯೊಳಗ ಬರೀಲಿ. ಮೊದಲು ನಮ್ಮ ಮಾತಿನಾಗ, ಆಮ್ಯಾಲೆ ಅವನ ಪುಸ್ತಕದ ಮಾತಿನಾಗ. ಬರೆಯೋದು ತಂಗಿ ತಿದ್ದಲಿ. ಆಕಿಗೂ ಶನಿವಾರ ಒಂದು ತಾಸು ಗಾದಿ ಮ್ಯಾಲೆ ಜಾಗಾ ಕೊಡ್ರಿ." ಅವರು ಬಹಳ ಹೊತ್ತು ಸುಮ್ಮನಿದ್ದು, ಜಿ.ಎಸ್.ಟಿ. ಕಾಗದಗಳನ್ನೆಲ್ಲ ಹೊರಗಿನವರಿಂದ ಮಾಡಿಸುತ್ತೇನೆ, ತಾನೂ ಎಂಟನೆಯದಕ್ಕೇ ಬಿಟ್ಟದ್ದು ಎಂದರು. ಕೊನೆಗೆ, "ಹತ್ತನೇದ ತನಕ ನೋಡೋಣ್ರಿ ಅಕ್ಕೋರೆ" ಎಂದರು.

ಎರಡು ವಾರವಾಗಿದೆ. ವಹಿಯಲ್ಲಿ ಮೊದಲ ದಿನದ ಐದರಲ್ಲಿ ನಾಲ್ಕು ತಪ್ಪು, ಕಳೆದ ಭಾನುವಾರ ಎರಡು ತಪ್ಪು. ತಂಗಿ ಕೆಂಪು ಪೆನ್ನಿನಿಂದ ತಿದ್ದುತ್ತಾಳೆಂದು ಅಣ್ಣನ ದೂರು. ನೀಲಿ ಪೆನ್ನು ಬಳಸಲು ಹೇಳಿದ್ದೇನೆ. ವಹಿಗೆ ಹೊದಿಸಿದ ನುಣುಪು ಕಾಗದದ ಮೇಲೆ ಬಣ್ಣದ ಚಕ್ರವೊಂದರ ಅರ್ಧ ಕಾಣುತ್ತಿತ್ತು.